ಗಾಳಿಕಿಂಡಿಗೆ ತುರುಕಿದ ಸೀರೆಯ ತುಂಡು

ಜಲಜಾ, ಅಡುಗೆಮನೆಯ ಗಾಳಿಕಿಂಡಿಗೆ ಬಟ್ಟೆ ತುರುಕಿದವನು ನಾನು. ನೀನಲ್ಲ. ಹನ್ನೊಂದು ವರ್ಷ ಈ ಮಾತು ಗಂಟಲಲ್ಲೇ ಉಳಿಯಿತು.

ನನ್ನ ಕೆಲಸ ಏನಾಗಿತ್ತು ಎಂಬುದು ನಿನಗೆ ಗೊತ್ತು. ಲಂಡನ್ನಿಗೆ ಬರುವ ಮೊದಲು ಇಪ್ಪತ್ತು ವರ್ಷ ಕೊಲ್ಲಿ ದೇಶದಲ್ಲಿ, ನೆಲದಡಿಯ ಗ್ಯಾಸನ್ನು ಶುದ್ಧಮಾಡಿ ಹಡಗಿಗೆ ತುಂಬುವ ಘಟಕದಲ್ಲಿದ್ದೆ. ಹೊಸಬರಿಗೆ ಪಾಠ ಹೇಳುತ್ತಿದ್ದವನೇ ನಾನು — ಗ್ಯಾಸ್ ಉರಿಯುವಲ್ಲಿ ಗಾಳಿಯ ದಾರಿ ಮುಚ್ಚಬೇಡಿ, ಗಾಳಿ ಸಾಲದೆ ಉರಿದರೆ ಹುಟ್ಟುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ಇಲ್ಫರ್ಡಿನ ನನ್ನ ಮನೆಯ ಕೆಳಗಿನ ಕೋಣೆಯಲ್ಲಿ ನೀನೂ ಮಗಳೂ ಬಾಡಿಗೆಗಿದ್ದಿರಿ; ಬಾಯಿತುಂಬ ನನ್ನನ್ನು ಮಾವ ಎನ್ನುತ್ತಿದ್ದೆ. ಅಡುಗೆಮನೆ ಎಲ್ಲರಿಗೂ ಒಂದೇ, ನನ್ನ ದೇವರ ಮೂಲೆಯೂ ಅಲ್ಲೇ. ಪಕ್ಕದಲ್ಲಿ ಮನೆಯನ್ನೂ ನೀರನ್ನೂ ಕಾಯಿಸುವ ಹಳೆಯ ಗ್ಯಾಸ್ ಬಾಯ್ಲರ್, ಅದಕ್ಕೆಂದೇ ಗೋಡೆಯಲ್ಲಿ ಕೊರೆದ ಗಾಳಿಕಿಂಡಿ. ನವರಾತ್ರಿಯ ಒಂಬತ್ತು ದಿನವೂ ದೀಪ ಆರಬಾರದು — ತೀರಿಹೋದ ನನ್ನ ಹೆಂಡತಿ ನಡೆಸಿಕೊಂಡು ಬಂದ ವ್ರತ. ಅಷ್ಟಮಿಯ ಬೆಳಿಗ್ಗೆ ಕಿಂಡಿಯಿಂದ ನುಗ್ಗಿದ ಚಳಿಗಾಳಿಗೆ ದೀಪ ಎರಡು ಸಲ ಆರುವಂತಾಯಿತು. ಒಲೆ ಒರೆಸಲು ನೀನು ಇಟ್ಟುಕೊಂಡಿದ್ದ ಹಳೆಯ ಸೀರೆಯ ತುಂಡು ಕೈಗೆ ಸಿಕ್ಕಿತು. ತುರುಕಿ ದೇವಸ್ಥಾನಕ್ಕೆ ಹೊರಟೆ. ಮರೆತೆ ಎನ್ನಲೇ — ಇಲ್ಲ, ಮರೆತಿರಲಿಲ್ಲ. ಬಂದು ತೆಗೆದರಾಯಿತು ಎಂದು ತಿಳಿದೇ ಬಿಟ್ಟುಹೋದೆ.

ಮಧ್ಯಾಹ್ನ ಬಂದಾಗ ನೀನು ನೆಲದ ಮೇಲೆ ಬಿದ್ದಿದ್ದೆ, ಆರು ವರ್ಷದ ಶ್ರೇಯಾ ಬಾಗಿಲ ಹತ್ತಿರ. ಇಬ್ಬರನ್ನೂ ಹೊರಗೆ ಎಳೆದು ಆಂಬ್ಯುಲೆನ್ಸ್ ಕರೆಸಿದೆ. ಒಳಗೆ ದೀಪ ಉರಿಯುತ್ತಲೇ ಇತ್ತು.

ಗ್ಯಾಸ್ ಪರೀಕ್ಷಿಸಲು ಬಂದವನು ಬಟ್ಟೆಯನ್ನು ಹೊರಗೆಳೆದು, ಇದನ್ನು ಇಟ್ಟವರು ಯಾರು ಎಂದು ಕೇಳಿದ.

"ಅದು ಜಲಜಾಳ ಸೀರೆ" ಎಂದೆ.

ಸುಳ್ಳಲ್ಲ ನೋಡು. ಆದರೆ ಅದಕ್ಕಿಂತ ಹೊಲಸು ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಗ್ಯಾಸಿನಲ್ಲೇ ತಲೆ ನರೆತವನು ಇಂಥ ಕೆಲಸ ಮಾಡಿದ ಎಂದು ಜನ ಆಡಿಕೊಂಡಾರು — ಆ ಒಣ ಮರ್ಯಾದೆಗೆ ಹೆದರಿದೆ.

ಶ್ರೇಯಾ ಬೇಗ ಚೇತರಿಸಿಕೊಂಡಳು. ನಿನಗೆ ಆ ದಿನದ ನೆನಪೇ ಅಳಿಸಿಹೋಗಿತ್ತು. ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದುಕೊಂಡೆ. "ಚಳಿ ಅಂದೇಳಿ ನಾನೇ ತುರ್ಕಿದ್ನೊ ಏನೊ ಮಾವ, ನಂಗೆ ನೆನ್ಪಿಲ್ಲೆ. ಮಗಳನ್ನ ನಾನೇ ಕೊಲ್ತಿದ್ದೆ ಅಲ್ದಾ?"

ಆಗಲಾದರೂ — ಆಗಲೂ ಬಾಯಿ ಬಿಡಲಿಲ್ಲ. "ಆದದ್ದು ಆಯಿತು, ಬಿಡು" ಎಂದೆ. ಕ್ಷಮಿಸುವ ದೊಡ್ಡಮನುಷ್ಯನ ಹಾಗೆ!

ಕಳೆದ ತಿಂಗಳು ಈಸ್ಟ್ ಹ್ಯಾಮ್‌ನಲ್ಲಿ ಪರಿಚಯದವರ ಗೃಹಪ್ರವೇಶದಲ್ಲಿ ನೀನು ಚಹಾಕ್ಕೆ ಇಡಲು ಎದ್ದೆ. ಶ್ರೇಯಾ ನಿನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು. "ಅಮ್ಮ, ನಾಟ್ ಯು. ಪ್ಲೀಸ್." ನೀನು ಮತ್ತೆ ಕುಳಿತುಕೊಂಡೆ. ನೀವು ಈಗಿರುವ ಮನೆಯಲ್ಲೂ ಅವಳು ನಿನಗೆ ಒಲೆ ಮುಟ್ಟಲು ಬಿಡುವುದಿಲ್ಲವೆಂದು ಯಾರೋ ಹೇಳಿದರು. ಆ ಚಹಾ ನನಗೆ ಕುಡಿಯಲಾಗಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಶ್ರೇಯಾಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ನೀನೊಬ್ಬಳೇ ಓದಿದರೆ ಮಡಚಿ ಇಟ್ಟುಬಿಡುತ್ತೀ, ನನ್ನ ಮಾನ ಉಳಿಸಲು — ನಿನ್ನ ಸ್ವಭಾವ ಬಲ್ಲೆ. ಭಾನುವಾರ ಬಂದು ಇಬ್ಬರ ಮುಂದೆ ನಾನೇ ಓದುತ್ತೇನೆ. ಅವಳಿಗೆ ಅರ್ಥವಾಗದ ಕಡೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಆಮೇಲೆ ನೀವು ಬಾಗಿಲು ತೋರಿಸಿದರೆ ಹೊರಡುತ್ತೇನೆ. ಅವಳು ಚಹಾದ ಪಾತ್ರೆಯನ್ನು ಮತ್ತೆ ನಿನ್ನ ಕೈಗೆ ಕೊಟ್ಟರೆ ಸಾಕು.