ದೊಡ್ಡ ಸೊಸೆಯ ಅಳತೆ ಪುಸ್ತಕ

ಆ ಮನೆಯ ದೊಡ್ಡ ಸೊಸೆ ದರ್ಜಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಊರವರ ಮೈಯನ್ನು ಇಂಚಿಂಚಾಗಿ ಬಲ್ಲವಳು. ಕೈ ಓಡಿದಷ್ಟು ಅವಳ ನಾಲಿಗೆ ಓಡುತ್ತಿರಲಿಲ್ಲ. ಓರಗಿತ್ತಿ ಶಾಲೆಯ ಟೀಚರು. ಅವಳ ನಾಲಿಗೆಗೆ ಬ್ರೇಕೇ ಇಲ್ಲ.

ಅತ್ತೆಗೆ ಸುಸ್ತು, ಎದೆ ಡವಡವ ಶುರುವಾದ ಮೇಲೆ ಆಸ್ಪತ್ರೆಗೆ ಹೊರಟಾಗಲೆಲ್ಲ ಒಂದೇ ಮಾತು: "ಚಿಕ್ಕವಳು ಬರ್ಲಿ. ಅವಳಿಗೆ ಡಾಕ್ಟ್ರ ಹತ್ರ ಮಾತಾಡೋಕೆ ಬರುತ್ತೆ."

ಕಾಲು ಒತ್ತಲು ದೊಡ್ಡವಳು, ಬಿಸಿನೀರು ಕಾಯಿಸಲು ದೊಡ್ಡವಳು, ಮಾತಾಡಲು ಮಾತ್ರ ಚಿಕ್ಕವಳು! ಆ ಮಾತು ಅವಳೊಳಗೆ ಮುರಿದ ಸೂಜಿಯ ಹಾಗೆ ಕೂತಿತ್ತು.

ಒಳಗೆ ರೋಗಿಯ ಜೊತೆ ಒಬ್ಬರಿಗಷ್ಟೇ ಪ್ರವೇಶ. ದೊಡ್ಡವಳು ಹೊರಗಿನ ಬೆಂಚಿನಲ್ಲಿ ಚೀಲ ಕಾಯುತ್ತಿದ್ದಳು. ಅರೆತೆರೆದ ಬಾಗಿಲಿಂದ ಓರಗಿತ್ತಿಯ ನಗು ತೇಲಿ ಬರುತ್ತಿತ್ತು: "ನೀವು ಹೇಳಿದ್ಮೇಲೆ ಧೈರ್ಯ ಬಂತು ಡಾಕ್ಟ್ರೇ!" ಮೂರು ಸಲವೂ ಡಾಕ್ಟರು ತಲೆಯೆತ್ತದೆ ಬರೆದದ್ದು ಶಕ್ತಿಯ ಮಾತ್ರೆ, ಹೇಳಿದ್ದು "ವಯಸ್ಸಾಯ್ತಲ್ಲ." ಬಾಗಿಲ ಪಕ್ಕದಲ್ಲೇ ಕೆಟ್ಟ ತೂಕದ ಯಂತ್ರ ಫೈಲುಗಳನ್ನು ಹೊತ್ತು ನಿಂತಿತ್ತು. ವಯಸ್ಸು ಎಂಬುದು ರೋಗಿಯ ಬಾಯಿಗೆ ಜಡಿಯುವ ಬೀಗ; ಅದನ್ನು ಜಡಿಯಲು ಡಾಕ್ಟರಿಕೆ ಓದಬೇಕೆ?

ದೊಡ್ಡವಳಿಗೆ ಗೊತ್ತಿತ್ತು. ಆರು ತಿಂಗಳಿಂದ ಅತ್ತೆಯ ರವಿಕೆಗಳನ್ನು ಮತ್ತೆ ಮತ್ತೆ ಹೊಲಿಗೆ ಹಿಡಿದು ಚಿಕ್ಕದು ಮಾಡಿಕೊಡುತ್ತಿದ್ದಳು. ಸೀಮೆಸುಣ್ಣ ಮೆತ್ತಿದ ಅಳತೆ ಪುಸ್ತಕದಲ್ಲಿ ತಾರೀಖಿನ ಸಮೇತ ಇತ್ತು: ತೋಳಿನ ಸುತ್ತಳತೆ ಹದಿಮೂರು, ಹನ್ನೆರಡು, ಹತ್ತೂವರೆ. ಹೊಟ್ಟೆ ತುಂಬ ಉಂಡೂ ಕರಗುತ್ತಿದ್ದ ಮೈ. ಆದರೂ ಬಾಯಿ ಬಿಡಲಿಲ್ಲ. ಮಾತು ಬರುವವಳು ಇದ್ದಾಳಲ್ಲ, ಅವಳೇ ಮಾತಾಡಿ ಸಾಯಲಿ!

ನಾಲ್ಕನೇ ಸಲ ಹೊರಟಾಗ ಅತ್ತೆಯ ಬೆರಳು ನಡುಗಿ ಗುಂಡಿ ಹಾಕಲಾಗಲಿಲ್ಲ. ದೊಡ್ಡವಳೇ ಹಾಕಿದಳು. ಹೋದ ವಾರವಷ್ಟೇ ಹಿಡಿದ ರವಿಕೆ, ಎದೆಯ ಬಳಿ ಮತ್ತೆ ಒಂದು ಮುಷ್ಟಿ ಬಟ್ಟೆ ಜೋತಿತ್ತು. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ಅನ್ನುತ್ತಾರೆ, ದರ್ಜಿಗೆ ಇದೆ. ಪುಸ್ತಕ ಚೀಲ ಸೇರಿತು.

"ಒಬ್ರೇ, ಒಬ್ರೇ!" ಎಂದಳು ಬಾಗಿಲಲ್ಲಿದ್ದ ನರ್ಸು.

"ಆ ಒಬ್ರು ಇವತ್ತು ನಾನು," ಎಂದು ದೊಡ್ಡವಳು ಅತ್ತೆಯ ಕೈ ಹಿಡಿದಳು.

"ಅಕ್ಕಾ, ಒಳಗೆ ಏನಂತ ಹೇಳ್ತೀಯ?" ಓರಗಿತ್ತಿಗೆ ಗಾಬರಿ.

"ಗೊತ್ತಿರೋದನ್ನ."

ಡಾಕ್ಟರು ಎಂದಿನಂತೆ ಬಗ್ಗಿಕೊಂಡೇ ಇದ್ದರು. "ಹೇಳಿದ್ನಲ್ಲಮ್ಮ, ವಯಸ್ಸು."

ದೊಡ್ಡವಳು ಅಳತೆ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟಳು. "ವಯಸ್ಸಾದ್ರೆ ಆರು ತಿಂಗಳಿಗೆ ತೋಳು ಎರಡೂವರೆ ಇಂಚು ಇಳಿಯುತ್ತಾ? ನನ್ನ ಹತ್ರ ಹೊಲಿಸೋ ಅಜ್ಜಿಯರೆಲ್ಲ ಹಿಂಗೆ ಇಳಿದ್ರೆ ನಾನು ಹಳೇದನ್ನ ಚಿಕ್ಕದು ಮಾಡ್ತಾನೇ ಇರ್ಬೇಕು, ಹೊಸ ಬಟ್ಟೆ ಹೊಲಿಯೋಕೇ ಆಗಲ್ಲ."

ತಲೆ ಮೇಲೆದ್ದಿತು. "ಟೇಪು ತಪ್ಪಿರಬಹುದು."

"ನನ್ನ ಟೇಪು ಕೆಟ್ಟಿಲ್ಲ ಡಾಕ್ಟ್ರೇ. ಕೆಟ್ಟಿರೋದು ನಿಮ್ಮ ತೂಕದ ಯಂತ್ರ. ಅತ್ತೆ ಕೈ ನಡುಗ್ತಿದೆ, ನೋಡಿ. ಪರೀಕ್ಷೆ ಬೇಡ ಅಂದ್ರೆ, ಯಾಕೆ ಬೇಡ ಅಂತ ಚೀಟೀಲಿ ಬರೆದು ಸಹಿ ಹಾಕಿ."

ಪೆನ್ನು ನಿಂತಿತು. ಡಾಕ್ಟರು ಪುಸ್ತಕ ಎಳೆದುಕೊಂಡು ಓದಿದರು, ರಕ್ತಪರೀಕ್ಷೆಗೆ ಬರೆದರು.

ಮೂರು ದಿನದಲ್ಲಿ ಉತ್ತರ ಬಂತು: ಥೈರಾಯ್ಡ್ ಮಿತಿ ಮೀರಿದೆ, ಔಷಧಿಯಿಂದ ಹತೋಟಿಗೆ ಬರುತ್ತದೆ. "ಮೊದಲೇ ಬಂದಿದ್ರೆ ಹೃದಯಕ್ಕೆ ಇಷ್ಟು ಆಯಾಸ ಆಗ್ತಿರಲಿಲ್ಲ," ಎಂದರು ಡಾಕ್ಟರು, ಮೂರು ಸಲ ಬಂದು ಹೋದವರಿಗೆ!

ಹೊರಗೆ ಬೆಂಚಿನಲ್ಲಿ ಓರಗಿತ್ತಿ ಪುಸ್ತಕ ತಿರುವುತ್ತಿದ್ದಳು. "ಅಕ್ಕಾ, ಹನ್ನೆರಡು ಅಂತ ಬರೆದಿದ್ದೀಯಲ್ಲ, ಅದು ನಾವು ಮೊದಲ್ನೇ ಸಲ ಇಲ್ಲಿಗೆ ಬರೋಕ್ಕಿಂತ ಮುಂಚೆ. ನಂಗೊಂದು ಮಾತು ಹೇಳಿದ್ರೆ ಒಳಗೆ ಹೇಳ್ತಿದ್ದೆ. ಅತ್ತೆ ಇಳಿದಿದ್ದು ನಂಗೆ ಕಾಣಿಸ್ಲೇ ಇಲ್ಲ ಕಣಕ್ಕ. ನೀನು ಹಿಡಿದುಕೊಟ್ಟ ರವಿಕೆ ಯಾವಾಗ್ಲೂ ಸರಿಯಾಗಿ ಕೂರ್ತಿತ್ತು."

ಡಾಕ್ಟರ ಬಾಯಿ ಮುಚ್ಚಿಸಿದವಳು ಪುಸ್ತಕವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಬಾಗಿಲಲ್ಲಿ ಅತ್ತೆ ಹಳೇ ರೂಢಿಯಂತೆ ಪಕ್ಕದ ರೋಗಿಗೆ ಹೇಳುತ್ತಿದ್ದಳು: "ನಮ್ಮ ಚಿಕ್ಕವಳು ಇದ್ದಿದ್ದಕ್ಕೆ ಬದುಕ್ಕೊಂಡೆ." ಮುರಿದ ಸೂಜಿ ಮತ್ತೆ ಚುರ್ ಎಂದಿತು. ಆದರೂ ದೊಡ್ಡವಳು ಅತ್ತೆಯ ಅಳತೆಯಿದ್ದ ಹಾಳೆಯನ್ನು ಹರಿದು ಓರಗಿತ್ತಿಯ ಕೈಗಿಟ್ಟಳು.

"ತಗೋ, ನಿನ್ನ ಹತ್ರಾನೂ ಇರ್ಲಿ. ಮುಂದಿನ ಸಲ ಇಬ್ರೂ ನುಗ್ಗೋಣ. ಒಬ್ರೇ ಅಂತ ಯಾರು ತಡೀತಾರೋ ನೋಡೋಣ."