ಜಲಜಮ್ಮನ ‘ಸಾಕು’ ಗುಂಡಿ

ನಂಜನಗೂಡಿನ ಜಲಜಮ್ಮನಿಗೆ ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತು ವರ್ಷ, ಮೊದಲು ಹಾರ್ಮೋನಿಯಂ ಮೇಲೆ, ಆಮೇಲೆ ಕೀಬೋರ್ಡ್ ಮೇಲೆ, ಊರಿನ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟವಳು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, “ನೋಡೋಕೆ ಬಂದವರಲ್ಲಿ ಒಬ್ಬನಿಗೂ ತಾಳ ನಿಲ್ಲುತ್ತಿರಲಿಲ್ಲ” ಎನ್ನುತ್ತಿದ್ದಳು. ಎರಡನೇ ಸಲ ಕೇಳಿದವರಿಗೆ ಕಾಫಿ ಸಿಗುತ್ತಿರಲಿಲ್ಲ.

ಆದರೆ ಒಂದು ಆಸೆ ಉಳಿದಿತ್ತು. ಪಳಗಿದ ವಾದಕರೊಬ್ಬರ ಪಕ್ಕದಲ್ಲಿ ಕೂತು, ತುಂಬಿದ ಸಭೆಯಲ್ಲಿ ಒಂದು ಸಲವಾದರೂ ನುಡಿಸಬೇಕು.

ಅಣ್ಣನ ಮಗ ಚಿರಂತನ ಅಟ್ಟದ ಮೇಲೆ ಬಿಟ್ಟುಹೋಗಿದ್ದ ಒಂದು ಕಪ್ಪು ಪೆಟ್ಟಿಗೆ ಆ ಆಸೆಗೆ ಗಾಳಿ ಹಾಕಿತು. ಯಾವ ಸದ್ದನ್ನಾದರೂ ರೆಕಾರ್ಡ್ ಮಾಡಿ ತುಂಬಿಟ್ಟರೆ, ಬೇಕೆಂದಾಗ ಅದನ್ನು ನುಡಿಸುವ ಪೆಟ್ಟಿಗೆ ಅದು. ಜಲಜಮ್ಮ ಕೈಪಿಡಿಯನ್ನು ಕೊನೆಯ ಪುಟದ ಕೋಷ್ಟಕಗಳವರೆಗೆ ಬಿಡದೆ ಓದಿದಳು. ಕೀಬೋರ್ಡಿನ ಬೆನ್ನಲ್ಲಿ ‘ಮಿಡಿ’ ಎಂದು ಬರೆದ ಐದು ತೂತಿನ ಕಿಂಡಿಯೊಂದಿತ್ತು. ಅಲ್ಲಿಂದ ಪೆಟ್ಟಿಗೆಗೆ ವೈರು ಎಳೆದು, ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದಳು.

“ಈ ವೈರಿನಲ್ಲಿ ಸದ್ದು ಹೋಗಲ್ಲ, ಬರೀ ಅಪ್ಪಣೆ ಹೋಗುತ್ತೆ. ಈ ಕೀ ಒತ್ತಿದೆ, ಇಷ್ಟು ಜೋರಾಗಿ ಒತ್ತಿದೆ, ಈಗ ಬಿಟ್ಟೆ. ಅಷ್ಟೇ. ಸದ್ದು ಮಾಡೋದು ಆ ಕಡೆಯ ಪೆಟ್ಟಿಗೆ. ಬೆಂಚಿನ ಮೇಲೆ ನಿಲ್ಲು ಅಂದ ಮೇಷ್ಟ್ರು, ಕೂತ್ಕೋ ಅನ್ನದೆ ಮನೆಗೆ ಹೋಗಿಬಿಟ್ಟರೆ?”

“ನಾವೇ ಇಳಿದು ಓಡಿಹೋಗ್ತೀವಿ ಮಿಸ್.”

“ನೀವು ಓಡ್ತೀರಿ. ಪೆಟ್ಟಿಗೆಗೆ ಅಷ್ಟು ಬುದ್ಧಿ ಇಲ್ಲ. ಅದು ನಿಂತೇ ಇರುತ್ತೆ.”

ಅಂಥ ಗಳಿಗೆಗೆಂದೇ ಕೋಷ್ಟಕದಲ್ಲಿ ಇನ್ನೊಂದು ಅಪ್ಪಣೆಯಿತ್ತು. ನಿಯಂತ್ರಣ ಸಂಖ್ಯೆ ನೂರ ಇಪ್ಪತ್ಮೂರು, ನುಡಿಯುತ್ತಿರುವುದೆಲ್ಲ ನಿಲ್ಲಲಿ ಎಂದು ಅದರ ಅರ್ಥ. ಜಲಜಮ್ಮ ಅದನ್ನು ಕೀಬೋರ್ಡಿನ ಒಂದು ಗುಂಡಿಗೆ ಒಪ್ಪಿಸಿ, ಗುಂಡಿಯ ಮೇಲೆ ಬಿಳಿ ಪ್ಲಾಸ್ಟರಿನ ಚೂರು ಅಂಟಿಸಿ ‘ಸಾಕು’ ಎಂದು ಬರೆದಳು. ಅವಳ ಅಡುಗೆಮನೆಯ ಡಬ್ಬಗಳಿಗೂ, ಗ್ಯಾಸಿನ ತಿರುಪಿಗೂ ಇಂಥದೇ ಪ್ಲಾಸ್ಟರು.

ಆಮೇಲೆ ವಾಲಗದವರ ಪೈಕಿ ಡೋಲು ಬಾರಿಸುವ ಮಧುಕುಮಾರನನ್ನು ಮನೆಗೆ ಕರೆದು, ಚಿರೋಟಿ ತಿನ್ನಿಸಿ, ಗಟ್ಟಿಮೇಳದ ಡೋಲನ್ನು ರೆಕಾರ್ಡ್ ಮಾಡಿ ಪೆಟ್ಟಿಗೆಗೆ ತುಂಬಿದಳು. ಕೀ ಒತ್ತಿ ಹಿಡಿದಷ್ಟು ಹೊತ್ತು ಡೋಲು; ಬಿಟ್ಟರೆ ಮೌನ. ಈ ಸುದ್ದಿ ಮಧುಕುಮಾರನ ಮೇಳದ ಹಿರಿಯರು, ನರಸೀಪುರದ ನಾಗಸ್ವರದ ರಾಮಯ್ಯನವರಿಗೆ ಮುಟ್ಟಿತು. ಜಲಜಮ್ಮ ಎದುರು ಸಿಕ್ಕಾಗ ಅವರು ನಕ್ಕರು.

“ಡೋಲ್ನೂ ಪೆಟ್ಗೆ ಬಾರುಸ್ತದಾ? ನಾಳೀಕೆ ತಾಳೀನೂ ಅದೇ ಕಟ್ಬುಡ್ಲಿ ಬುಡಿ ಅಮ್ಮಾರೆ.”

ಮೂರು ತಿಂಗಳ ಮೇಲೆ ನರಸೀಪುರದ ಛತ್ರವೊಂದರಲ್ಲಿ ಹಳೆಯ ಶಿಷ್ಯೆ ಲಿಖಿತಾಳ ಮದುವೆ. ಹಿಂದಿನ ಸಂಜೆಯ ಆರತಕ್ಷತೆಗೆ ಜಲಜಮ್ಮನದೇ ಕೀಬೋರ್ಡು. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮುಹೂರ್ತ. ಎಂಟೂವರೆಗೆ ಫೋನು ಬಂತು: ಮಧುಕುಮಾರ್ ಬದನವಾಳಿನ ಹತ್ತಿರ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾನೆ.

ರಾಮಯ್ಯ ತಿಂಡಿಯ ಪಂಕ್ತಿಗೇ ಬಂದು ನಿಂತರು.

“ಅಮ್ಮಾರೆ, ನಿಮ್ ಪೆಟ್ಗೆ ಇಲ್ಲೇ ಅದಾ?”

“ಇದೆ. ಒಳಗೆ ನಿಮ್ಮ ಮಧುಕುಮಾರನೂ ಇದ್ದಾನೆ.”

“ಅದು ಕೈಕೊಟ್ರೆ?”

“ಕೊಟ್ಟರೆ, ಈ ಜನ್ಮದಲ್ಲಿ ಇನ್ನೊಂದು ಸಲ ನಿಮ್ಮ ಪಕ್ಕ ಕೂರಲ್ಲ.”

“ನೀವ್ ಕೂತ್ರೂ ನಾ ಕೂರಾಕಿಲ್ಲ. ಬನ್ನಿ.”

ಜಲಜಮ್ಮ ಎಂದಿನ ಶಿಸ್ತಿನಲ್ಲಿ ಎಲ್ಲವನ್ನೂ ಹೂಡಿದಳು. ಪೆಟ್ಟಿಗೆ ಮಂಟಪದ ಆ ಬದಿ ಮೈಕ್‌ಸೆಟ್ಟಿನ ಜೊತೆ, ಕೀಬೋರ್ಡು ಈ ಬದಿ ರಾಮಯ್ಯನವರ ಪಕ್ಕ, ನಡುವೆ ಇಪ್ಪತ್ತಡಿ ವೈರು. ಕರೆಂಟು ಹೋದರೂ ಗಟ್ಟಿಮೇಳ ನಿಲ್ಲದಿರಲೆಂದು ಎರಡಕ್ಕೂ, ಮೈಕ್‌ಸೆಟ್ಟಿಗೂ, ಬ್ಯಾಟರಿ. ಅವಳು ಎಲ್ಲವನ್ನೂ ಯೋಚಿಸಿದ್ದಳು, ಚಂದ್ರಶೇಖರನೊಬ್ಬನನ್ನು ಬಿಟ್ಟು.

ಚಂದ್ರಶೇಖರ್ ಹೆಣ್ಣಿನ ಚಿಕ್ಕಪ್ಪ, ತಾಂಡವಪುರದವನು. ಯಾರೂ ಒಪ್ಪಿಸದ ಉಸ್ತುವಾರಿಯನ್ನು ಮದುವೆಮನೆಯಲ್ಲಿ ತಾನೇ ಹೊತ್ತುಕೊಂಡು ಓಡಾಡುವವನು.

“ಗಟ್ಟಿಮೇಳ! ಗಟ್ಟಿಮೇಳ!” ಎಂದರು ಪುರೋಹಿತರು.

ಜಲಜಮ್ಮ ಕೀ ಒತ್ತಿದಳು. ಡೋಲು ಮೊಳಗಿತು. ರಾಮಯ್ಯನವರ ಕೆನ್ನೆ ಉಬ್ಬಿತು. ಸೀನು, ಕೆಮ್ಮು, ಅಪಶಕುನದ ಮಾತು ಯಾವುದೂ ಕಿವಿಗೆ ಬೀಳದಿರಲೆಂದು ಹಿರಿಯರು ಮಾಡಿಟ್ಟ ಗದ್ದಲ ಛತ್ರ ತುಂಬಿತು, ಅಕ್ಷತೆ ಹಾರಿತು, ಮೂರು ಗಂಟು ಬಿತ್ತು. ರಾಮಯ್ಯ ಓರೆಗಣ್ಣಿನಲ್ಲಿ ಅವಳನ್ನು ನೋಡಿ ತಲೆದೂಗಿದರು. ಮೂವತ್ತು ವರ್ಷದ ಸರಳೆ ವರಸೆ ಸಾರ್ಥಕವಾಯಿತು ಎನ್ನಿಸಿತು ಜಲಜಮ್ಮನಿಗೆ.

ಪುರೋಹಿತರು ಸಾಕೆಂದು ಕೈಯೆತ್ತಿದರು. ಅವಳು ಬೆರಳು ಎತ್ತುವುದಕ್ಕೆ ಅರೆಕ್ಷಣ ಮೊದಲು ಚಂದ್ರಶೇಖರ್ ತಾನೇ ನಿಲ್ಲಿಸಲೆಂದು ಹಾರಿ ಬಂದು, ಕೀಬೋರ್ಡಿನಿಂದ ಪೆಟ್ಟಿಗೆಗೆ ಹೋಗುವ ವೈರನ್ನು ಕಿತ್ತ.

ಬೆರಳು ಎತ್ತಿದಳು. ‘ಬಿಟ್ಟೆ’ ಎನ್ನುವ ಅಪ್ಪಣೆಗೆ ದಾರಿಯೇ ಇರಲಿಲ್ಲ. ಡೋಲು ಮೊಳಗುತ್ತಲೇ ಇತ್ತು.

ಚಂದ್ರಶೇಖರ್ ಕೈಯಲ್ಲಿದ್ದ ವೈರನ್ನು ನೋಡಿದ, ಸದ್ದು ಬರುತ್ತಿದ್ದ ಕಡೆ ನೋಡಿದ, ಮತ್ತೆ ವೈರನ್ನು ನೋಡಿದ. ಆಮೇಲೆ ಓಡಿಹೋಗಿ ಗೋಡೆಯ ಪ್ಲಗ್ಗನ್ನೂ ಕಿತ್ತು ಬಂದ. ಬ್ಯಾಟರಿ ತನ್ನ ಕರ್ತವ್ಯ ಮಾಡಿತು.

ಡೋಲು ನಿಲ್ಲುವ ಮೊದಲು ನಾಗಸ್ವರ ಇಳಿಸುವುದು ರಾಮಯ್ಯನವರ ಮನೆತನದಲ್ಲೇ ಇಲ್ಲ. ಅರವತ್ತೆಂಟರ ಮುದುಕ ಕಣ್ಣು ಕೆಂಪಗೆ ಮಾಡಿಕೊಂಡು ಊದಿದರು. ಮೇಳ ನಿಲ್ಲದೆ ಅಕ್ಷತೆ ನಿಲ್ಲಿಸುವುದು ಹೇಗೆಂದು ಜನ ಎರಚುತ್ತಲೇ ಹೋದರು. ತಟ್ಟೆ ಖಾಲಿಯಾಯಿತು. ಯಾರೋ ಉಗ್ರಾಣಕ್ಕೆ ಓಡಿ ಅನ್ನಕ್ಕಿಟ್ಟಿದ್ದ ಅಕ್ಕಿಯನ್ನೇ ಬೋಸಿಯಲ್ಲಿ ತಂದರು. ಗಂಡು ಕಣ್ಣು ಮುಚ್ಚಿಕೊಂಡ.

“ವೈರು ಕೊಡಿ!” ಎಂದು ಕಿರುಚಿದಳು ಜಲಜಮ್ಮ.

“ಬ್ಯಾಡಿ ಅಮ್ಮಾರೆ, ಶಾಕ್ ಒಡೀತದೆ!” ಚಂದ್ರಶೇಖರ್ ವೈರನ್ನು ತಲೆಯ ಮೇಲೆ ಎತ್ತಿ ಹಿಡಿದ.

“ನಾನೇ ಹೊಡೀತೀನಿ, ಕೊಡ್ರೀ!”

ಕಿತ್ತುಕೊಂಡಳು. ಅವಸರದಲ್ಲಿ ವೈರಿನ ಐದು ಸೂಜಿ ಮೊದಲ ಸಲ ಕಿಂಡಿಯಲ್ಲಿ ಕೂರಲಿಲ್ಲ. ರಾಮಯ್ಯನವರ ಶ್ರುತಿ ಒಂದು ಎಳೆ ಜಾರಿತು. ಎರಡನೇ ಸಲ ಕೂತಿತು. ‘ಸಾಕು’ ಒತ್ತಿದಳು.

ಮೌನ.

ಆ ಮೌನದೊಳಗೆ, ಗದ್ದಲಕ್ಕೆ ತಕ್ಕಷ್ಟು ಕೂಗಿ ಪಕ್ಕದವಳಿಗೆ ಗುಟ್ಟು ಹೇಳುತ್ತಿದ್ದ ಹೆಣ್ಣಿನ ದೊಡ್ಡಜ್ಜಿ ವೆಂಕಟಮ್ಮನ ದನಿ ಇಡೀ ಛತ್ರಕ್ಕೆ ಕೇಳಿಸಿತು:

“ಗಂಡಿನ್ ತಲೇಲಿರೋದು ವಿಗ್ಗು ಕಣಮ್ಮೀ!”

ಮುನ್ನೂರು ಜನ ಗಂಡಿನ ತಲೆ ನೋಡಿದರು.

“ನಂಗೊತ್ತು ಕಣಜ್ಜಿ!” ಎಂದಳು ಮಂಟಪದಿಂದ ಲಿಖಿತಾ.

ಗಂಡಿನ ತಂದೆ ಎದ್ದು ನಿಂತರು. ಪುರೋಹಿತರಿಗೆ ಮಂತ್ರ ಮರೆತುಹೋಯಿತು. ಆಗ ಉಸಿರೇ ಉಳಿದಿಲ್ಲದ ರಾಮಯ್ಯ ನಾಗಸ್ವರವನ್ನು ಮತ್ತೆ ತುಟಿಗೆ ತಂದು, ಜಲಜಮ್ಮನ ಕಡೆ ತಿರುಗಿದರು.

“ಒತ್ತಿ ತಾಯಿ, ಒತ್ತಿ!”

ಆ ವರ್ಷ ನರಸೀಪುರದಲ್ಲಿ ಒಂದೇ ತಾಳಿಗೆ ಎರಡು ಗಟ್ಟಿಮೇಳವಾದದ್ದು ಅದೊಂದೇ ಮದುವೆಯಲ್ಲಿ. ಎರಡನೆಯದು ಸರಿಯಾದ ಹೊತ್ತಿಗೆ ನಿಂತಿತು. ಚಂದ್ರಶೇಖರನ ಎರಡೂ ಕೈಗಳನ್ನು ಅವನ ಹೆಂಡತಿ ಹಿಡಿದುಕೊಂಡಿದ್ದಳು.

ಊಟದ ಪಂಕ್ತಿಯಲ್ಲಿ ರಾಮಯ್ಯ ಬಂದು ಜಲಜಮ್ಮನ ಪಕ್ಕದ ಎಲೆಗೆ ಕೂತರು. ಹೋಳಿಗೆ ಮುಗಿಸಿ ಅವಳ ಕಡೆ ತಿರುಗಿದರು.

“ಬರೋ ಗುರುವಾರ ಮುಡುಕುತೊರೇಲಿ ಒಂದು ಲಗ್ನ ಅದೆ. ಮಧು ಕೈಗೆ ಇನ್ನೂ ಆರ್ ವಾರ ಕಟ್ಟಂತೆ.”

“ಪೆಟ್ಟಿಗೆ ತರಲಾ?”

“ತನ್ನಿ, ತನ್ನಿ. ಆ ಚಂದ್ರಶೇಖರಪ್ಪನಿಗೆ ಮಾತ್ರ ಏಳ್ಬೇಡಿ.”