ಮಂಗನ ಸೂತಕ

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ನನಗೆ ಶಿಕಾರಿಪುರದಲ್ಲಿ ಕೆಲಸವಿರಲಿಲ್ಲ. ಸೊರಬದ ಕಾಡಿನಲ್ಲಿ ಇತ್ತು. ಅಲ್ಲಿ ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಜನರೂ ಜ್ವರ ಬಂದು ಸಾಯುತ್ತಿದ್ದರು. ಕಾರಣ ಹುಡುಕಲು ಬಂದು ಬಿಡಾರ ಹೂಡಿದ್ದ ಡಾಕ್ಟರಿಗೆ ಕನ್ನಡ ಬಾರದು. ಹಳ್ಳಿಯವರ ಜೊತೆ ಮಾತಾಡಲು ನನ್ನನ್ನು ಇಟ್ಟುಕೊಂಡರು.

ಮಾತಿಗಿಂತ ಬಟ್ಟೆ ಎಳೆಯುವ ಕೆಲಸವೇ ಹೆಚ್ಚಾಗಿತ್ತು. ಬೆಳಿಗ್ಗೆ ಬಿಳಿ ಬಟ್ಟೆಯೊಂದನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗಿ, ಅಂಟಿದ, ರಕ್ತ ಹೀರಿ ರೋಗ ಹರಡುತ್ತವೆಂದು ಡಾಕ್ಟರಿಗೆ ಅನುಮಾನವಿದ್ದ ಉಣುಗುಗಳನ್ನು ಚಿಮಟದಿಂದ ಹೆಕ್ಕಿ ಶೀಷೆಗೆ ಹಾಕುತ್ತಿದ್ದೆವು. ಮಧ್ಯಾಹ್ನ ಊಟ ಮಾಡಿ, ಒಬ್ಬರ ಬೆನ್ನಿನ ಮೇಲಿನ ಉಣುಗನ್ನು ಇನ್ನೊಬ್ಬರು ಹುಡುಕುತ್ತಿದ್ದೆವು. ಈ ಕೆಲಸವನ್ನು ಮರದ ಮೇಲಿನ ಮಂಗಗಳು ನಮಗಿಂತ ಚೆನ್ನಾಗಿ ಮಾಡುತ್ತಿದ್ದವು.

ಹೊಸಬಾಳೆ ಕಡೆಯ ಒಂದು ಹಳ್ಳಿಯ ಹೆಂಗಸರು ಕೊಟ್ಟಿಗೆಗೆ ಹಾಸಲು ತರಗೆಲೆ ತರುತ್ತಿದ್ದ ಕಾಡಿಗೂ ರೋಗ ಬಂದಿದೆಯೇ ಎಂದು ತಿಳಿಯಬೇಕಿತ್ತು. ಬೇಡವೆಂದರೆ ಅವರು ಕೇಳುತ್ತಿರಲಿಲ್ಲ. ಪರೀಕ್ಷೆಗೆ ಆಗತಾನೆ ಸತ್ತ ಮಂಗ ಬೇಕು. ಒಂದು ಬೆಳಿಗ್ಗೆ ಆ ಕಾಡಿನಲ್ಲಿ ಮಂಗ ಸತ್ತಿದೆಯೆಂದು ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಊರವರು ಅದನ್ನು ಚಟ್ಟದ ಮೇಲೆ ಕೂರಿಸಿ, ಕುಂಕುಮವಿಟ್ಟು, ಹಾರ ಹಾಕಿದ್ದರು. ಬಿಸಿಲು ಏರುತ್ತಿತ್ತು. ಡಾಕ್ಟರು ಹೆಣವನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

ಆ ಊರಿನ ಪಟೇಲರೆದುರು ವಾದ ಹೂಡಿದೆ. ಹನುಮಂತ ಚಿರಂಜೀವಿ, ಇದು ಸತ್ತಿದೆ, ಆದ್ದರಿಂದ ಇದು ಹನುಮಂತನಲ್ಲ ಎಂದೆ. ಕಾಲೇಜಿನಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು.

"ಯಾರ್ರೀ ಹನುಮಪ್ಪ ಅಂದಿದ್ದು? ಇದು ಮಂಗ, ನಮ್ಮೂರ ಮಂಗ. ನಿಮ್ಮೂರಲ್ಲಿ ದೇವರಾದೋರನ್ನ ಮಾತ್ರ ಮಣ್ಣು ಮಾಡ್ತೀರೇನು?"

ಕೊಯ್ದು ನೋಡಿದ ಮೇಲೆ ನಾವೇ ಮಣ್ಣು ಮಾಡುತ್ತೇವೆ ಎಂದೆ. ಆಗಬಹುದು, ಆದರೆ ಹೆಣ ಒಯ್ದವರು ಮಗನ ಸ್ಥಾನದಲ್ಲಿ ನಿಂತು ತಲೆ ಬೋಳಿಸಬೇಕು ಎಂದರು. ಅದಕ್ಕೆ ಅರ್ಥವೇ ಇಲ್ಲವೆಂದು ನಾನು ಮೂರು ಕಾರಣ ಕೊಟ್ಟೆ. ಪಟೇಲರು ಪೂರ್ತಿ ಕೇಳಿಸಿಕೊಂಡರು.

"ಅರ್ಥ ಇಲ್ಲ ಅಂತ ನೀವೇ ಅಂತೀರಿ. ಅರ್ಥ ಇಲ್ದಿದ್ದು ಮಾಡಿದ್ರೆ ನಿಮಗೇನು ತೊಂದ್ರೆ ರೀ? ನಂಬೋರಾದ್ರೆ ಹೆದರಬೇಕು."

ನಾಲ್ಕನೆಯ ಕಾರಣ ಶುರು ಮಾಡುವಷ್ಟರಲ್ಲೇ ಕ್ಷೌರಿಕ ನನ್ನ ತಲೆಗೆ ನೀರು ಹಚ್ಚಿದ. ಏನಾಯಿತೆಂದು ಡಾಕ್ಟರು ಕೇಳಿದರು. ಮಂಗ ಸಿಕ್ಕಿತು ಎಂದೆ.

ಪರೀಕ್ಷೆಯಲ್ಲಿ ರೋಗ ಇರುವುದು ಗೊತ್ತಾಯಿತು. ಮಳೆ ಹಿಡಿದು ಉಣುಗು ಕಡಿಮೆಯಾಗುವವರೆಗೂ ಆ ಕಾಡಿಗೆ ಯಾರೂ ಹೋಗಬಾರದೆಂದು ಹೇಳಲು ಕಾರಣಗಳನ್ನೆಲ್ಲ ಜೋಡಿಸಿಕೊಂಡು ಹೋದೆ. ಮೊದಲನೆಯದನ್ನೂ ಮುಗಿಸಲು ಪಟೇಲರು ಬಿಡಲಿಲ್ಲ.

"ನಾವೆಲ್ಲಿ ಹೋಗ್ತಿದೀವಿ? ಮಗನ ತಲೆ ಮೇಲೆ ಕೂದಲು ಬರೋತನಕ ಮಂಗ ಸತ್ತ ಕಾಡಿಗೆ ಕಾಲಿಡೋ ಹಂಗಿಲ್ಲ."

ಇದು ಹಳೆಯ ಪದ್ಧತಿಯೋ, ಅವರು ಆಗಲೇ ಕಟ್ಟಿದ್ದೋ ಎಂದು ಕೇಳುವುದು ನ್ಯಾಯವಾಗಿತ್ತು. ಕೇಳಲಿಲ್ಲ. ತಲೆ ಮುಟ್ಟಿ ನೋಡಿಕೊಂಡೆ, ಆಗಲೇ ಒರಟಾಗಿತ್ತು. ಮಳೆಗಾಲ ಇನ್ನೂ ದೂರವಿತ್ತು. ಮರುದಿನವೇ ಸೊರಬದ ಕ್ಷೌರದಂಗಡಿಗೆ ಹೋದೆ. ಮಳೆ ಹಿಡಿಯುವವರೆಗೂ ವಾರವಾರ ಹೋದೆ.